ಆ್ಯಪ್ ಹೇಳಿದ ಹುಲ್ಲು, ಲಕೋಟೆಯಲ್ಲಿ ಬಂದ ಹುಲ್ಲು

ಪ್ರಶ್ನೆ: ನಮ್ಮೂರು ಕುಷ್ಟಗಿ ತಾಲ್ಲೂಕಿನಲ್ಲಿದೆ. ಮನೆ ಹಿಂದಿನ ಅರ್ಧ ಎಕರೆ ಮಸಾರಿ ಹೊಲ ಎರಡು ವರ್ಷದಿಂದ ಬೀಳು ಬಿದ್ದಿದೆ. ಮುಂಗಾರು ಮಳೆ ಬಿದ್ದ ಕೆಲವೇ ವಾರಕ್ಕೆ ಅಲ್ಲಿ ಒಂದು ಗೇಣು ಎತ್ತರದ ಸಣ್ಣ ಹುಲ್ಲು ತೆನೆ ಬಿಟ್ಟು ನಿಲ್ಲುತ್ತದೆ. ದೂರದಿಂದ ನೋಡಿದರೆ ನೆಲದ ಮೇಲೆ ನಸುಗೆಂಪು ಹೊಗೆ ಕೂತ ಹಾಗೆ ಕಾಣುತ್ತದೆ. ದೀಪಾವಳಿ ಹೊತ್ತಿಗೆ ಒಣಗಿ ಹೋಗಿರುತ್ತದೆ. ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳು ಇದರ ಹೆಸರು ಕೇಳಿದರು. ಫೋನಿನ ಆ್ಯಪ್‌ಗೆ ತೋರಿಸಿದರೆ ‘ಪೋವಾ ಆನ್ಯುವಾ’ ಅಂತ ಬಂತು, ಯುರೋಪಿನ ಹುಲ್ಲುಗಾವಲಿನ ಹುಲ್ಲಂತೆ. ನಮ್ಮಪ್ಪನನ್ನು ಕೇಳಿದರೆ ‘ಅದೇನ್ ಹುಲ್ಲು, ಕಸ’ ಅಂದರು. ಇದು ಹೊರದೇಶದಿಂದ ಬಂದ ಕಸವಾ? ಮುಂದಿನ ವರ್ಷ ಅಲ್ಲಿ ಶೇಂಗಾ ಹಾಕಬೇಕು ಅಂತಿದ್ದೇವೆ, ತೊಂದರೆ ಆಗುತ್ತಾ? ಮೂರು ಗಿಡ ಲಕೋಟೆಯಲ್ಲಿ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೇಷ್ಟ್ರೇ, ಮೊದಲು ಲಕೋಟೆಗೆ ಧನ್ಯವಾದ. ಹುಲ್ಲು ಗುರುತಿಸಿ ಕೊಡಿ ಅಂತ ನನಗೆ ಬರುವುದು ಹೆಚ್ಚಾಗಿ ಫೋಟೊಗಳೇ. ಅದರಲ್ಲೂ ಗಾಳಿಗೆ ಅಲುಗಾಡಿದ ಹಸಿರು ಗೆರೆಗಳು. ನೀವು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಹಳೆ ಪೇಪರಿನಲ್ಲಿ ಮಡಚಿ ಕಳಿಸಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಮಕ್ಕಳು ಕಾಯುತ್ತಿರುತ್ತಾರೆ. ಇದು ಪೋವಾ ಆನ್ಯುವಾ ಅಲ್ಲ. ಇದರ ಹೆಸರು ಎರಾಗ್ರಾಸ್ಟಿಸ್ ಟೆನೆಲ್ಲಾ. ಮೂರು ಗಿಡಗಳಲ್ಲಿ ಎರಡು ಅದೇ. ಮೂರನೆಯದು ಬೇರೆ, ಅದರ ವಿಷಯ ಆಮೇಲೆ ಹೇಳುತ್ತೇನೆ.

ಆ್ಯಪ್ ಹೇಳಿದ ಹೆಸರು ನೋಡಿದ ತಕ್ಷಣ ಅನುಮಾನ ಬರಲು ಕಾರಣ ನಿಮ್ಮೂರಿನ ಬಿಸಿಲು. ಪೋವಾ ಆನ್ಯುವಾ ತಂಪು ಕೇಳುವ ಹುಲ್ಲು. ನಮ್ಮ ದೇಶದಲ್ಲಿ ಹಿಮಾಲಯದ ಕಡೆ ಇದೆ, ದಕ್ಷಿಣದಲ್ಲಿ ನೀಲಗಿರಿ, ಪಳನಿ ಬೆಟ್ಟಗಳ ಮೇಲಿದೆ. ಉತ್ತರದ ಬಯಲಿನಲ್ಲಿ ಚಳಿಗಾಲದಲ್ಲಿ ಮಾತ್ರ ಮುಖ ತೋರಿಸುತ್ತದೆ. ಅಂಟಾರ್ಕ್ಟಿಕಾಗೂ ಇದು ಮನುಷ್ಯರ ಹಿಂದೆಯೇ ಹೋಗಿದೆ. ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋಲೆಂಡಿನವರ ಸಂಶೋಧನಾ ಕೇಂದ್ರದ ಸುತ್ತ 1980ರ ದಶಕದಲ್ಲೇ ಕಾಣಿಸಿಕೊಂಡಿತ್ತು. ಹಿಮದಲ್ಲಿ ಬದುಕುವ ಈ ಹುಲ್ಲಿಗೆ ನಮ್ಮ ಕಡೆಯ ಮಸಾರಿ ನೆಲದ ಕಾವು ತಡೆಯುವುದಿಲ್ಲ. ಮಳೆಗಾಲದಲ್ಲೂ ಎರಡು ದಿನ ಮೋಡ ಸರಿದರೆ ಸಾಕು, ಕುಷ್ಟಗಿಯಲ್ಲಿ ಬರಿಗಾಲಲ್ಲಿ ಹೊಲಕ್ಕೆ ಇಳಿಯೋದು ಕಷ್ಟ, ಅಲ್ವಾ?

ನೀವು ವಿಜ್ಞಾನದ ಮೇಷ್ಟ್ರು, ಅದಕ್ಕೆ ಇನ್ನೊಂದು ಮಾತು. ಗೋಧಿ, ಭತ್ತ, ಪೋವಾ ಇವೆಲ್ಲ ಸಿ-3 ಅನ್ನುವ ರೀತಿಯಲ್ಲಿ ಆಹಾರ ತಯಾರಿಸುತ್ತವೆ. ಜೋಳ, ಸಜ್ಜೆ, ನವಣೆ ಮತ್ತು ನಿಮ್ಮ ಈ ಎರಾಗ್ರಾಸ್ಟಿಸ್ ಸಿ-4. ಸಿ-4 ಗಿಡ ಕಡಿಮೆ ನೀರಿನಲ್ಲಿ, ಜಾಸ್ತಿ ಬಿಸಿಲಿನಲ್ಲಿ ಚೆನ್ನಾಗಿ ದುಡಿಯುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆ ಮಳೆ ನಂಬಿದವರು ಸಜ್ಜೆ ಬಿತ್ತುತ್ತಾರೆ, ಕಾಲುವೆ ನೀರು ಇರುವ ಗಂಗಾವತಿಯವರು ಭತ್ತ ನಾಟಿ ಮಾಡುತ್ತಾರೆ. ಈ ಹುಲ್ಲು ಸಜ್ಜೆಯ ಪಂಗಡದ್ದು ಅಂದುಕೊಳ್ಳಿ.

ಆದರೆ ಊರು ನೋಡಿ ಹುಲ್ಲಿನ ಹೆಸರು ಹೇಳಿದರೆ ಅದು ಬರೀ ಅಂದಾಜು. ಸಾಕ್ಷಿ ಗಿಡದಲ್ಲೇ ಸಿಗಬೇಕು. ಅದು ಸಿಗುವ ಜಾಗ ಹುಲ್ಲಿನ ಕೊರಳು.

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಿ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಹಳ ಹಿಂದೆ ಸಿಂಧನೂರು ಕಡೆ ಒಂದು ಭತ್ತದ ಗದ್ದೆಗೆ ಹುಲ್ಲು ಸಂಗ್ರಹಿಸಲು ಹೋಗಿದ್ದೆ. ಹೆಣ್ಣಾಳುಗಳು ಸಾಲಾಗಿ ಕಸ ತೆಗೆಯುತ್ತಿದ್ದರು. ನಾನೂ ಹುಮ್ಮಸ್ಸಿನಲ್ಲಿ ಒಂದು ಹಿಡಿ ಕಿತ್ತೆ. ಪಕ್ಕದಲ್ಲಿದ್ದ ಅಕ್ಕ ನಕ್ಕುಬಿಟ್ಟರು. “ಏನ್ ಸರ, ನೆಲ್ಲಿನ ಸಸಿನೂ ಕಿತ್ತಾಕಿದ್ರಲ್ಲ!” ಅಂದರು. ನನ್ನ ಕೈಯಲ್ಲಿದ್ದ ಎರಡು ಸಸಿ ತೆಗೆದುಕೊಂಡು ಎಲೆಯನ್ನು ಹಿಂದಕ್ಕೆ ಬಾಗಿಸಿ ತೋರಿಸಿದರು. “ಕೊಳ್ಳು ನೋಡ್ರಿ. ನೆಲ್ಲಿಗೆ ಬಿಳಿ ನಾಲಿಗಿ ಐತಿ. ಕಸಕ್ಕ ನಾಲಿಗಿ ಇಲ್ಲ.” ಅವರು ಕಸ ಅಂದದ್ದು ಎಕಿನೋಕ್ಲೋವಾ ಕೊಲೋನಾ. ಎಳೆಯದಿದ್ದಾಗ ಭತ್ತದ ಸಸಿಯ ಜೊತೆ ಬೆರೆತು ಎಂಥವರನ್ನೂ ಯಾಮಾರಿಸುತ್ತದೆ. ಅದಕ್ಕೆ ಕೊರಳಿನ ನಾಲಗೆ ಇಲ್ಲವೇ ಇಲ್ಲ. ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ತೆಗೆದುಕೊಂಡಿದ್ದ ನಾನು ಗದ್ದೆಯಲ್ಲಿ ಅದನ್ನು ನೋಡಿರಲಿಲ್ಲ.

ಆ ನಾಲಗೆಗೆ ಲಿಗ್ಯೂಲ್ ಅನ್ನುತ್ತಾರೆ. ಹುಲ್ಲಿನ ಎಲೆ ಎರಡು ಭಾಗ. ಕೆಳಗಿನ ಭಾಗ ಕತ್ತಿಯ ಒರೆಯ ಹಾಗೆ ದಂಟನ್ನು ಸುತ್ತಿಕೊಂಡಿರುತ್ತದೆ. ಮೇಲಿನದು ಹೊರಗೆ ಚಾಚಿದ ಅಲಗು. ಎರಡೂ ಸೇರುವ ಜಾಗದಲ್ಲಿ, ಒಳಬದಿಯಲ್ಲಿ, ಈ ಲಿಗ್ಯೂಲ್ ಕೂತಿರುತ್ತದೆ. ನಮ್ಮ ಗಂಟಲಿನ ಕಿರುನಾಲಗೆ ನೆನಪಿಸಿಕೊಳ್ಳಿ.

ಈಗ ಒಂದು ಹಸಿ ಗಿಡ ಕಿತ್ತುಕೊಂಡು ಬನ್ನಿ. ದಂಟಿನ ನಡುವೆ ಇರುವ ಒಂದು ಎಲೆ ಆರಿಸಿ. ತೀರಾ ಕೆಳಗಿನದು ಬೇಡ, ಅದು ಹರಿದಿರುತ್ತದೆ. ಅಲಗನ್ನು ದಂಟಿನಿಂದ ಮೆತ್ತಗೆ ಹಿಂದಕ್ಕೆ ಎಳೆಯಿರಿ. ಬೆಳಕಿಗೆ ಹಿಡಿದು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ. ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು ಹುಲ್ಲನ್ನು ಹತ್ತಿರ ತರಬೇಕು. ಮಕ್ಕಳು ಇದನ್ನು ತಿರುಗುಮುರುಗು ಮಾಡಿ ‘ಏನೂ ಕಾಣ್ತಿಲ್ಲ ಸರ್’ ಅನ್ನುತ್ತಾರೆ.

ಪೋವಾ ಆಗಿದ್ದರೆ ಅಲ್ಲಿ ತೆಳ್ಳನೆಯ ಬಿಳಿ ಪೊರೆ ಕಾಣಬೇಕಿತ್ತು, ಈರುಳ್ಳಿಯ ಒಳಸಿಪ್ಪೆಯ ಹಾಗೆ. ನಿಮ್ಮ ಗಿಡದಲ್ಲಿ ಪೊರೆ ಇಲ್ಲ. ಒಂದು ಸಾಲು ಗಿಡ್ಡ ಕೂದಲು ಇವೆ, ಹಲ್ಲುಜ್ಜುವ ಬ್ರಷ್‌ನ ಹಾಗೆ. ಒರೆಯ ಬಾಯಿಯ ಎರಡೂ ಬದಿಗೆ ಇನ್ನೂ ಉದ್ದನೆಯ ಬಿಳಿ ಕೂದಲು ಇವೆ. ಇದೊಂದು ನೋಡಿದರೆ ಸಾಕು, ಪೋವಾ ಪಟ್ಟಿಯಿಂದ ಹೊರಗೆ. ಈ ಗುರುತು ಫೋನಿನ ಫೋಟೊದಲ್ಲಿ ಕಾಣುವುದು ಕಷ್ಟ. ಆ್ಯಪ್‌ ಆದರೂ ಏನು ಮಾಡೀತು ಪಾಪ.

ಎಲೆಯ ತುದಿಯನ್ನೂ ನೋಡಿ. ಪೋವಾ ಎಲೆಯ ತುದಿ ದೋಣಿಯ ಮೂತಿಯ ಹಾಗೆ ಮಡಚಿಕೊಂಡಿರುತ್ತದೆ. ಬೆರಳಿಂದ ಒತ್ತಿದರೆ ಸೀಳಿ ಎರಡಾಗುತ್ತದೆ. ನಿಮ್ಮದರ ತುದಿ ಸಪೂರವಾಗಿ ಮೊನೆಯಾಗಿ ಮುಗಿದಿದೆ.

ಇನ್ನು ತೆನೆ. ನಿಮ್ಮ ಗಿಡವನ್ನು ಒಂದು ಕಪ್ಪು ಕಾಗದದ ಮೇಲೆ ಇಟ್ಟುಕೊಂಡು ಕೂತೆ. ಯಾವುದೋ ಮದುವೆ ಕಾರ್ಡಿನ ಕವರು ಅದು, ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗಲ್ಲ. ಫ್ಯಾನ್ ಆರಿಸಿದೆ. ಉಸಿರನ್ನೂ ಒಂದಿಷ್ಟು ಬಿಗಿಹಿಡಿದೆ, ಯಾಕೆಂದರೆ ಇದರ ಕಿರುತೆನೆ, ಅಂದರೆ ತೆನೆಯ ಕವಲಿನಲ್ಲಿರುವ ಹೂಗಳ ಪುಟ್ಟ ಗೊಂಚಲು, ಉದ್ದಕ್ಕೆ ಸುಮಾರು ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಬೀಜ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಸೂಜಿಯಿಂದ ಒಂದು ಕಿರುತೆನೆಯನ್ನು ಬಿಡಿಸಿದೆ. ಬುಡದಲ್ಲಿ ಎರಡು ಖಾಲಿ ಹೊಟ್ಟು. ಅವುಗಳ ಮೇಲೆ ಆ ಕಡೆ ಒಂದು ಈ ಕಡೆ ಒಂದು ಅಂತ ಆರು ಹೂ, ಜಡೆ ಹೆಣೆದ ಹಾಗೆ. ಒಂದೊಂದು ಹೂವಿಗೂ ಎರಡು ಹೊದಿಕೆ. ಹೊರಗಿನದು ಲೆಮ್ಮಾ, ಒಳಗಿನದು ಪೇಲಿಯಾ.

ಲೆಮ್ಮಾದ ಮೇಲಿನ ನರ ಎಣಿಸಿದೆ: ಮೂರು. ಪೋವಾದಲ್ಲಿ ಐದು ಇರುತ್ತವೆ. ಪೇಲಿಯಾ ಕಡೆ ತಿರುಗಿಸಿದೆ. ಅದರ ಎರಡೂ ಅಂಚಿನ ಏಣಿನ ಮೇಲೆ ಉದ್ದನೆಯ ಬಿಳಿ ಕೂದಲು, ಹಣಿಗೆಯ ಹಲ್ಲಿನ ಹಾಗೆ ನೆಟ್ಟಗೆ ಹೊರಗೆ ಚಾಚಿವೆ. ಇಡೀ ಕಿರುತೆನೆಯನ್ನು ಪಕ್ಕದಿಂದ ನೋಡಿದರೂ ಈ ಕೂದಲು ಅಂಚಿನಲ್ಲಿ ಇಣುಕುತ್ತವೆ. ಎರಾಗ್ರಾಸ್ಟಿಸ್ ಜಾತಿಗಳಲ್ಲಿ ಟೆನೆಲ್ಲಾ ಮತ್ತು ಅದರ ಹತ್ತಿರದ ನೆಂಟರಿಗೆ ಮಾತ್ರ ಈ ಹಣಿಗೆ ಇರುವುದು. ನನಗೆ ಖಾತ್ರಿಯಾದದ್ದು ಇಲ್ಲಿ.

ಇನ್ನೊಂದು ಗುರುತು ಲಕೋಟೆಯೇ ಕೊಟ್ಟಿತು. ಬಿಚ್ಚುವಾಗ ಮೂಲೆಯಲ್ಲಿ ಚಿಟಿಕೆಯಷ್ಟು ಪುಡಿ ಉದುರಿತು. ಬಲಿತ ತೆನೆಗಳನ್ನು ನೋಡಿದರೆ ಕಿರುತೆನೆಗಳ ಮೇಲ್ತುದಿ ಬೋಳಾಗಿದೆ, ಬುಡದ ಹೂಗಳು ಇನ್ನೂ ಇವೆ. ಅಂದರೆ ಇದು ತುದಿಯಿಂದ ಕೆಳಕ್ಕೆ ಮುರಿಯುತ್ತಾ ಬರುತ್ತದೆ. ಇದರ ಜೊತೆಗೇ ಹೊಲದಲ್ಲಿ ಸಿಗುವ ಎರಾಗ್ರಾಸ್ಟಿಸ್ ಪೈಲೋಸಾದಲ್ಲಿ ಉಲ್ಟಾ. ಬುಡದಿಂದ ಮೇಲಕ್ಕೆ ಉದುರುತ್ತದೆ, ಅಂಕುಡೊಂಕಾದ ನಡುದಂಟು ಹಾಗೇ ನಿಂತಿರುತ್ತದೆ. ಆ ಪೈಲೋಸಾಕ್ಕೆ ಒಬ್ಬ ದೊಡ್ಡ ನೆಂಟನಿದ್ದಾನೆ. ಇಥಿಯೋಪಿಯಾದವರು ರೊಟ್ಟಿ ಮಾಡಿ ತಿನ್ನುವ ಟೆಫ್ ಅನ್ನುವ ಸಿರಿಧಾನ್ಯ ಈ ಪೈಲೋಸಾದಿಂದಲೇ ಬಂದದ್ದು ಅನ್ನುತ್ತಾರೆ. ನಮ್ಮ ಬದುಗಳ ಮೇಲೆ ಸುಮ್ನೆ ಬೆಳೆಯುವ ಕಸದ ಕುಲದಲ್ಲೇ ಅಲ್ಲೊಂದು ದೇಶದ ಊಟ ಇದೆ.

ಇನ್ನೂ ಎರಡು ಮೂರು ನಿಮ್ಮ ಮಕ್ಕಳಿಗೆ ಎದುರಾಗಬಹುದು. ತೆನೆ ಹರಡಿಕೊಳ್ಳದೆ ಕಂಬಳಿ ಹುಳದ ಹಾಗೆ ಒತ್ತಾಗಿ ರೋಮ ರೋಮವಾಗಿದ್ದರೆ ಅದು ಎರಾಗ್ರಾಸ್ಟಿಸ್ ಸಿಲಿಯಾರಿಸ್. ಕಿರುತೆನೆ ದಪ್ಪಗಿದ್ದು, ಎಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗಂಟಿನಂಥ ಗ್ರಂಥಿ ಇದ್ದು, ಹಸಿಯಾಗಿ ಉಜ್ಜಿದರೆ ಒಂಥರಾ ವಾಸನೆ ಬಂದರೆ ಸಿಲಿಯಾನೆನ್ಸಿಸ್. ಇವೆರಡರ ಹೆಸರೂ ಬಾಯಲ್ಲಿ ಹೊರಳುವುದಿಲ್ಲ, ಮಕ್ಕಳು ನಗುತ್ತಾರೆ, ನಗಲಿ. ದಂಟನ್ನು ಬೆರಳಲ್ಲಿ ಹೊರಳಿಸಿದಾಗ ಮೂರು ಮೂಲೆ ಸಿಕ್ಕರೆ ಅದು ಹುಲ್ಲೇ ಅಲ್ಲ, ಜೇಕಿನ ಬಳಗ. ಕಾಂಗ್ರೆಸ್ ಹುಲ್ಲಂತೂ ಹೆಸರಿಗೆ ಮಾತ್ರ ಹುಲ್ಲು. ಅದು ಸೂರ್ಯಕಾಂತಿಯ ಕುಟುಂಬದ್ದು, ಅದೇ ನಿಜವಾಗಿ ಹೊರದೇಶದಿಂದ ಬಂದ ಕಸ.

ನಿಮ್ಮ ಹುಲ್ಲು ಹೊರಗಿನದಲ್ಲ, ಇಲ್ಲಿಯದೇ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಗಿಡಗಳಿಗೆ ಹೆಸರಿಡುತ್ತಾ ಕೂತಾಗ ಇದು ಭಾರತದ ಹುಲ್ಲು ಅಂತಲೇ ದಾಖಲಿಸಿದ. ಇಟ್ಟ ಹೆಸರೇನು ಗೊತ್ತಾ? ಪೋವಾ ಟೆನೆಲ್ಲಾ! ಅದೇ ವರ್ಷ, ಅದೇ ಪುಸ್ತಕದಲ್ಲಿ ಪೋವಾ ಆನ್ಯುವಾಗೂ ಅವನೇ ಹೆಸರಿಟ್ಟ. ಎರಡಕ್ಕೂ ಹರಡಿದ ತೆನೆ, ಮೀಸೆ ಇಲ್ಲದ ಪುಟ್ಟ ಕಿರುತೆನೆ, ಒಂದೊಂದರಲ್ಲಿ ಹಲವು ಹೂ. ಅದನ್ನು ನೋಡಿ ಒಂದೇ ಗುಂಪಿಗೆ ಸೇರಿಸಿದ. ಎರಾಗ್ರಾಸ್ಟಿಸ್ ಅನ್ನುವ ಬೇರೆ ಮನೆಗೆ ಇದು ಬಂದದ್ದು ಆಮೇಲೆ, ಈಗಿನ ಹೆಸರು 1817ರದ್ದು. ನಿಮ್ಮ ಫೋನು ಮಾಡಿದ ತಪ್ಪನ್ನು ಲಿನೇಯಸ್ ಕೂಡ ಮಾಡಿದ್ದ ಅಂತ ಮಕ್ಕಳಿಗೆ ಹೇಳಿ. ಕೆಲವು ಪುಸ್ತಕಗಳಲ್ಲಿ ಇದೇ ಹುಲ್ಲಿಗೆ ಎರಾಗ್ರಾಸ್ಟಿಸ್ ಅಮಾಬಿಲಿಸ್ ಅಂತ ಇರುತ್ತದೆ, ಗೊಂದಲ ಬೇಡ. ಟೆನೆಲ್ಲಾ ಅಂದರೆ ನಾಜೂಕಾದದ್ದು, ಅಮಾಬಿಲಿಸ್ ಅಂದರೆ ಮುದ್ದಾದದ್ದು. ಎರಡೂ ಒಪ್ಪುತ್ತವೆ.

ವರ್ಷಕ್ಕೊಮ್ಮೆ ಹುಟ್ಟಿ ಸಾಯುವ ಹುಲ್ಲು ಅಂತ ಹೇಗೆ ಗೊತ್ತಾಗುತ್ತೆ ಅಂತಲೂ ಮಕ್ಕಳು ಕೇಳಬಹುದು. ಬೇರು ನೋಡಲಿ. ಒಂದು ಚಿಕ್ಕ ಗೊಂಚಲು ತೆಳು ಬೇರು, ಬೆರಳಿಂದ ಎಳೆದರೆ ಸಲೀಸಾಗಿ ಬರುತ್ತದೆ. ಹೋದ ವರ್ಷದ ಒಣಗಿದ ಬುಡ ಇಲ್ಲ, ನೆಲದಲ್ಲಿ ಹರಿಯುವ ಬಳ್ಳಿ ಇಲ್ಲ, ಗಡ್ಡೆ ಇಲ್ಲ. ಪಕ್ಕದಲ್ಲೇ ಒಂದು ಕರಿಕೆ ಎಳೆದು ನೋಡಲಿ, ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಮೊಳದುದ್ದ ಬರುತ್ತದೆ, ಅರ್ಧಕ್ಕೆ ತುಂಡಾಗಿ ಒಳಗೇ ಉಳಿಯುತ್ತದೆ. ಕರಿಕೆಗೆ ಅವಸರ ಇಲ್ಲ. ಈ ಪುಟ್ಟದಕ್ಕೆ ಮಾತ್ರ ಎರಡು ಮಳೆಯ ನಡುವೆ ಹುಟ್ಟು, ತೆನೆ, ಬೀಜ ಎಲ್ಲ ಮುಗಿಯಬೇಕು. ಅದಕ್ಕೇ ಒಂದು ಗೇಣು ಬೆಳೆಯುವುದರೊಳಗೆ ತೆನೆ ಬಿಡುತ್ತದೆ. ಮಳೆ ಕೈಕೊಟ್ಟ ವರ್ಷ ಬೆರಳುದ್ದಕ್ಕೇ ತೆನೆ ಬಿಟ್ಟದ್ದನ್ನೂ ನೋಡಿದ್ದೇನೆ. ನೀವು ಬರೆದ ನಸುಗೆಂಪು ಹೊಗೆ ಬೇರೇನಲ್ಲ, ಸಾವಿರಾರು ತೆನೆಗಳ ನೇರಳೆ ಬಣ್ಣ ದೂರಕ್ಕೆ ಬೆರೆತು ಕಾಣುವುದು. ಬೆಳಿಗ್ಗೆ ಇಬ್ಬನಿ ಇರುವಾಗ ಸೂರ್ಯನ ಕಡೆ ಮುಖ ಮಾಡಿ ನೋಡಿ, ಇನ್ನೂ ಚೆಂದ.

ಶೇಂಗಾ ವಿಷಯ. ಹೆದರುವಂಥದ್ದು ಏನೂ ಇಲ್ಲ. ಇದರ ಬೀಜ ಅಷ್ಟು ಸಣ್ಣದು, ಆಳಕ್ಕೆ ಹೋದರೆ ಮೊಳಕೆ ಮೇಲೆ ಬರಲು ಒಳಗಿನ ಹಿಟ್ಟು ಸಾಲುವುದಿಲ್ಲ. ಮೇಲ್ಮಣ್ಣಿನದು ಮಾತ್ರ ಹುಟ್ಟುತ್ತದೆ. ಮೊದಲ ಒಳ್ಳೆ ಮಳೆಗೆ ಹುಟ್ಟಲು ಬಿಡಿ. ಎರಡು ಎಲೆ ಬಂದಾಗ ಕುಂಟೆ ಹೊಡೆದು ಹರಗಿ, ಆಮೇಲೆ ಬಿತ್ತಿ. ಬಿತ್ತಿದ ಮೊದಲ ತಿಂಗಳು, ಒಂದೂವರೆ ತಿಂಗಳು ಎಡೆ ಹೊಡೆದು ಕಸ ಕಡಿಮೆ ಇಟ್ಟುಕೊಂಡರೆ ಸಾಕು. ಕಾಯಿ ಕಟ್ಟಲು ಸೂಜಿಯಂಥ ದಂಟು ನೆಲಕ್ಕೆ ಇಳಿಯುವ ಹೊತ್ತಿಗೆ ಮಣ್ಣು ಕೆದಕಬೇಡಿ, ಹುಲ್ಲಿಗಿಂತ ಅದರಿಂದಲೇ ನಷ್ಟ ಜಾಸ್ತಿ. ಈ ಹುಲ್ಲಿಗೋಸ್ಕರ ಕಸನಾಶಕ ಹೊಡೆಯಬೇಡಿ, ದುಡ್ಡು ದಂಡ. ಜೇಕು ಇದ್ದರೆ ಮಾತ್ರ ಈಗಲೇ ಗಡ್ಡೆ ಸಮೇತ ತೆಗೆಸಿ.

ನಿಮ್ಮ ತಂದೆಯವರು ಕಸ ಅಂದದ್ದು ತಪ್ಪಲ್ಲ. ಹೊಲದಲ್ಲಿ ಬೆಳೆ ಇದ್ದಾಗ ಅದು ಕಸವೇ. ಬೀಳಿನಲ್ಲಿ ಮಾತ್ರ ಮೇವು. ದನ ತಿನ್ನುತ್ತದೆ, ಆದರೆ ದನದ ಬಾಯಿಗೆ ಎಷ್ಟು ಸಿಕ್ಕೀತು? ಕುರಿ ನೆಲಕ್ಕೆ ಮೂತಿ ಹಚ್ಚಿ ಮೇಯುತ್ತದಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದ್ದು. ಹಸಿ ಇದ್ದಾಗ ಕುರಿಯವರು ಕೇಳಿದರೆ ಬಿಡಲು ಹೇಳಿ, ಹಿಕ್ಕೆ ಬಿದ್ದರೆ ಶೇಂಗಾಕ್ಕೆ ಗೊಬ್ಬರ. ಬೀಜ ಉದುರುವ ಮುಂಚೆ ಮೇಯಿಸಿದರೆ ಮುಂದಿನ ವರ್ಷದ ಕಸವೂ ಒಂದಿಷ್ಟು ಕಡಿಮೆ. ಒಂದು ಮೂಲೆ ಮಾತ್ರ ಮೇಯಿಸದೆ ಬಿಡಿ, ಮಕ್ಕಳಿಗೆ ತೋರಿಸಲು ಬೇಕಾಗುತ್ತದೆ. ಬೀಜ ಬಲಿತ ಮೇಲೆ ಅಲ್ಲಿ ಇರುವೆ ಗೂಡು ಹುಡುಕಲಿ. ಬೀಜ ಒಯ್ಯುವ ಇರುವೆಗಳು ಕಾಳನ್ನು ಒಳಗೆ ಇಟ್ಟುಕೊಂಡು ಹೊಟ್ಟನ್ನು ಬಾಗಿಲ ಸುತ್ತ ಉಂಗುರದ ಹಾಗೆ ಎಸೆದಿರುತ್ತವೆ. ಆ ಹೊಟ್ಟನ್ನು ಒಂದು ಚಿಟಿಕೆ ತಂದು ಮಸೂರದಲ್ಲಿ ನೋಡಿದರೆ ಆ ಬೀಳಿನಲ್ಲಿ ಏನೇನು ಹುಲ್ಲು ಇದೆ ಅನ್ನುವ ಪಟ್ಟಿಯೇ ಸಿಗುತ್ತದೆ. ನಾನು ಈಗಲೂ ಹೊಸ ಜಾಗಕ್ಕೆ ಹೋದರೆ ಮೊದಲು ಇರುವೆಗಳ ತಿಪ್ಪೆ ನೋಡುತ್ತೇನೆ.

ಈಗ ಆ ಮೂರನೇ ಗಿಡ. ತೆನೆ ನೋಡಿದರೆ ಉಳಿದೆರಡರ ತಮ್ಮನ ಹಾಗಿದೆ. ಪೇಲಿಯಾದಲ್ಲಿ ಅದೇ ಹಣಿಗೆ ಕೂದಲು, ಉದುರುವುದೂ ತುದಿಯಿಂದಲೇ. ಆದರೆ ಪೇಪರಿನಿಂದ ಬಿಡಿಸುವಾಗ ಅದು ಅಂಟಿಕೊಂಡಿತ್ತು. ದಂಟಿಗೆ, ತೆನೆಯ ಕವಲುಗಳಿಗೆ ಮಸಾರಿಯ ಕೆಂಪು ಮರಳಿನ ಕಣಗಳು ಮೆತ್ತಿದ್ದವು, ಸತ್ತ ನುಸಿಯೂ ಒಂದಿತ್ತು. ಬೆರಳಲ್ಲಿ ಹಿಡಿದರೆ ಬೆಲ್ಲದ ಪಾಕ ಮುಟ್ಟಿದ ಹಾಗೆ ಜಿಗಿ. ಅದು ಎರಾಗ್ರಾಸ್ಟಿಸ್ ವಿಸ್ಕೋಸಾ. ಒಂದೇ ಬೀಳಿನಲ್ಲಿ ಎರಡೂ ಜೊತೆಗೆ ಬೆಳೆಯುತ್ತವೆ, ಕಣ್ಣಿಗಿಂತ ಬೆರಳಿಗೇ ಬೇಗ ಗೊತ್ತಾಗುತ್ತದೆ.

ಹಾಗಾಗಿ ಗಿಡ ಒಣಗಿಸಿ ಅಂಟಿಸಿ ಇಟ್ಟುಕೊಳ್ಳಲು ಶಾಲೆಗೆ ಒಂದಲ್ಲ, ಎರಡು ಹಾಳೆ ಆಗುತ್ತವೆ. ಗಿಡವನ್ನು ಪೇಪರಿನ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಮೊದಲ ನಾಲ್ಕು ದಿನ ದಿನಾ ಪೇಪರ್ ಬದಲಾಯಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ವಿಸ್ಕೋಸಾಕ್ಕೆ ಎಣ್ಣೆ ಕಾಗದ ಇಡಿ, ಬರೀ ಪೇಪರ್ ಇಟ್ಟರೆ ಅಕ್ಷರ ಸಮೇತ ಅಂಟಿಕೊಂಡು ಬರುತ್ತದೆ, ನನ್ನ ಹತ್ತಿರ ಅಂಥದ್ದೊಂದಕ್ಕೆ ಹರಾಜಿನ ಜಾಹೀರಾತು ಇನ್ನೂ ಅಂಟಿದೆ. ಉದುರಿದ ಬೀಜಕ್ಕೆ ಒಂದು ಸಣ್ಣ ಪೊಟ್ಟಣ ಮಾಡಿ ಹಾಳೆಯ ಮೂಲೆಗೆ ಹಚ್ಚಿ. ಕೆಳಗೆ ಊರು, ದಿನಾಂಕ, ಮಸಾರಿಯೋ ಎರೆಯೋ, ಕಿತ್ತ ಮಗುವಿನ ಹೆಸರು ಬರೆಸಿ. ಹುಲ್ಲಿನ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಸಿ, ಪಂಡಿತರು ಅದನ್ನು ಆಗಾಗ ಬದಲಾಯಿಸುತ್ತಿರುತ್ತಾರೆ.